ಮೂಗು ಚುಚ್ಚಿಸಿ ಐದು ವಾರ, ಮೂಗುತಿಯ ಪಕ್ಕ ಗುಳ್ಳೆ ಎದ್ದಿದೆ: ಅರಿಶಿನ ಹಚ್ಚಬೇಕೆ, ಮೂಗುತಿ ತೆಗೆಯಬೇಕೆ?

ಪ್ರಶ್ನೆ ಕೇಳಿದವರು: ಮೊಗ್ಗಿನ ಜಡೆ

ಎಲ್ಲರಿಗೂ ನಮಸ್ಕಾರ. ನಾನು ದಾವಣಗೆರೆಯವಳು, ವಯಸ್ಸು 26. ತಮ್ಮನ ಮದುವೆಗೆ ಮೂಗುತಿ ಇಟ್ಟುಕೊಳ್ಳಬೇಕೆಂಬ ಆಸೆಯಿಂದ, ನಮ್ಮ ಮನೆಯವರು ಯಾವಾಗಲೂ ಹೋಗುವ ಅಕ್ಕಸಾಲಿಗರ ಬಳಿ ಐದು ವಾರಗಳ ಹಿಂದೆ ಎಡಮೂಗು ಚುಚ್ಚಿಸಿಕೊಂಡೆ. ಸೂಜಿಯಿಂದಲೇ ಚುಚ್ಚಿದರು, ಗನ್ ಬಳಸಲಿಲ್ಲ. ಒಂದು ಸಣ್ಣ ಬಿಳಿ ಹರಳಿನ ಚಿನ್ನದ ಮೂಗುತಿಯನ್ನು ಹಾಕಿ ಒಳಗಡೆಯಿಂದ ತಿರುಪು ಬಿಗಿದು ಕಳುಹಿಸಿದರು. ಮೊದಲ ಹತ್ತು ದಿನ ಏನೂ ತೊಂದರೆ ಇರಲಿಲ್ಲ. ಆಮೇಲೆ ಮದುವೆಯ ಓಡಾಟದಲ್ಲಿ ಟವೆಲ್‌ಗೆ ಒಮ್ಮೆ, ಸೆರಗಿನ ಜರಿಗೆ ಒಮ್ಮೆ ಸಿಕ್ಕಿಕೊಂಡು ಸ್ವಲ್ಪ ರಕ್ತ ಬಂತು. ಈಗ ಮೂಗುತಿಯ ಕೆಳಗಡೆಗೆ ಸಾಸಿವೆ ಕಾಳಿಗಿಂತ ಕೊಂಚ ದೊಡ್ಡದಾದ ಕೆಂಪು ಗುಳ್ಳೆ ಎದ್ದಿದೆ, ಮುಟ್ಟಿದರೆ ಒದ್ದೆಯಾಗುತ್ತದೆ, ಬೆಳಿಗ್ಗೆ ಎದ್ದಾಗ ಸುತ್ತಲೂ ಹಳದಿ ಬಣ್ಣದ ಹಕ್ಕಳೆ ಕಟ್ಟಿರುತ್ತದೆ. ಜ್ವರ ಇಲ್ಲ, ಬಾವು ಹೆಚ್ಚೇನೂ ಇಲ್ಲ.

ನನ್ನ ಗೊಂದಲವೆಂದರೆ ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಅಮ್ಮ ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ರಾತ್ರಿ ಹಚ್ಚುತ್ತಾರೆ, ದಿನಾ ಬೆಳಿಗ್ಗೆ ಮೂಗುತಿಯನ್ನು ತಿರುಗಿಸದಿದ್ದರೆ ಮಾಂಸಕ್ಕೆ ಅಂಟಿಕೊಳ್ಳುತ್ತದೆ ಎನ್ನುತ್ತಾರೆ. ಜೊತೆಗೆ ಕೆಲಸ ಮಾಡುವ ಗೆಳತಿ ದಿನಕ್ಕೆ ನಾಲ್ಕು ಸಲ ಸ್ಪಿರಿಟ್‌ನಲ್ಲಿ ಒರೆಸು ಎಂದಳು, ಮೂರು ದಿನ ಹಾಗೆ ಮಾಡಿದ ಮೇಲೆ ಚರ್ಮ ಸುಲಿದು ಇನ್ನೂ ಉರಿಯತೊಡಗಿತು. ಅತ್ತೆ ಮಾತ್ರ, ಇದು ನಿನಗೆ ಆಗಿಬರುವುದಿಲ್ಲ, ತೆಗೆದುಬಿಡು ಎನ್ನುತ್ತಿದ್ದಾರೆ. ತೆಗೆಯಲು ಮನಸ್ಸಿಲ್ಲ, ಇಟ್ಟುಕೊಳ್ಳಲು ಭಯ. ತಿಳಿದವರು ದಯವಿಟ್ಟು ಹೇಳಿ.

ಉತ್ತರಿಸಿದವರು: ವಾರ್ಡ್ ಸಿಸ್ಟರ್

ತಂಗಿ, ನಾನು ಹದಿನಾರು ವರ್ಷಗಳಿಂದ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ಗಾಯಗಳನ್ನು ತೊಳೆಯುವುದೇ ನನ್ನ ದಿನದ ಕೆಲಸ, ಆದ್ದರಿಂದ ಸ್ವಲ್ಪ ದೀರ್ಘವಾಗಿ ಬರೆಯುತ್ತೇನೆ. ಬರೆಹದ ಮೂಲಕ ಯಾರೂ ನಿಮ್ಮ ಮೂಗನ್ನು ಪರೀಕ್ಷಿಸಲು ಆಗುವುದಿಲ್ಲ ಎಂಬುದು ನೆನಪಿರಲಿ. ಆದರೂ ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ಇದು ಸೋಂಕಿಗಿಂತ ಹೆಚ್ಚಾಗಿ, ಗಾಯವನ್ನು ಮತ್ತೆ ಮತ್ತೆ ಕೆಣಕಿದ್ದರಿಂದ ಎದ್ದ ಗುಳ್ಳೆಯಂತೆ ಕಾಣುತ್ತದೆ. ಒದ್ದೆಯಾಗಿ, ಕೆಂಪಾಗಿ, ಸ್ವಲ್ಪ ತಾಗಿದರೂ ರಕ್ತ ಜಿನುಗುವ ಇಂಥ ಗುಳ್ಳೆಯನ್ನು ವೈದ್ಯರು ಗ್ರಾನ್ಯುಲೋಮಾ ಎನ್ನುತ್ತಾರೆ. ದೇಹವು ಗಾಯ ತುಂಬಿಸಲು ಹೊಸ ಮಾಂಸ ಬೆಳೆಸುತ್ತಿರುವಾಗ ಪದೇ ಪದೇ ಅಡ್ಡಿಯಾದರೆ ಆ ಮಾಂಸ ಹೊರಗೆ ಉಬ್ಬುತ್ತದೆ. ಅಡ್ಡಿ ನಿಂತರೆ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ.

ಮೊದಲು ಒಂದು ವಿಷಯ ತಿಳಿದುಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ಚುಚ್ಚಿದ ತೂತು ಎಂದರೆ ಎರಡು ಬಾಯಿಯ ಒಂದು ಸಣ್ಣ ಸುರಂಗ. ಹೊಸ ಚರ್ಮ ಎರಡೂ ಬಾಯಿಗಳಿಂದ ಒಳಕ್ಕೆ ನಿಧಾನವಾಗಿ ಬೆಳೆಯುತ್ತಾ ಹೋಗಿ ನಡುವೆ ಕೂಡಿಕೊಳ್ಳಬೇಕು. ಹೊರಗಿನಿಂದ ನೋಡಿದಾಗ ವಾಸಿಯಾದಂತೆ ಕಂಡರೂ ನಡುಭಾಗ ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಕಿವಿಯ ಹಾಲೆಗೆ ಆರರಿಂದ ಎಂಟು ವಾರ ಸಾಕಾಗಬಹುದು, ಮೂಗಿನ ಹೊಳ್ಳೆಗೆ ನಾಲ್ಕರಿಂದ ಆರು ತಿಂಗಳು ಬೇಕು. ಹಾಗಾಗಿ ಐದು ವಾರಕ್ಕೆ ನಿಮ್ಮದು ಇನ್ನೂ ಹೊಸ ಗಾಯವೇ.

ಈಗ ತಿರುಗಿಸುವ ವಿಚಾರ. ಬೆಳಿಗ್ಗೆ ಕಟ್ಟಿರುವ ಹಕ್ಕಳೆ ಕೀವಲ್ಲ. ಗಾಯದಿಂದ ಒಸರುವ ತಿಳಿ ದ್ರವವೇ ಒಣಗಿ, ಮೂಗುತಿಯ ಕಡ್ಡಿಯ ಸುತ್ತ ಹರಳುಗಟ್ಟಿದಂತೆ ಗಟ್ಟಿಯಾಗಿರುತ್ತದೆ. ಆ ಸ್ಥಿತಿಯಲ್ಲಿ ಮೂಗುತಿಯನ್ನು ತಿರುಗಿಸಿದರೆ ಮೊನಚಾದ ಹಕ್ಕಳೆಯನ್ನು ಸುರಂಗದೊಳಕ್ಕೆ ಎಳೆದು, ಹಿಂದಿನ ದಿನ ಬೆಳೆದ ಎಳೆ ಚರ್ಮವನ್ನು ಗೀರಿ ಹಾಕಿದಂತಾಗುತ್ತದೆ. ದಿನಾ ಬೆಳಿಗ್ಗೆ ಹೀಗೆ ಗೀರಿದರೆ ಗಾಯ ದಿನಾ ಮೊದಲಿನಿಂದ ಆರಂಭವಾಗುತ್ತದೆ. ನಯವಾದ ಒಳ್ಳೆಯ ಲೋಹ ಮಾಂಸಕ್ಕೆ ಅಂಟಿಕೊಳ್ಳುವುದಿಲ್ಲ. ಅಂಟಿದಂತೆ ಅನ್ನಿಸುವುದು ಹಕ್ಕಳೆ, ಅದು ನೀರಿಗೆ ನೆನೆದರೆ ಬಿಡುತ್ತದೆ. ಆದ್ದರಿಂದ ಇವತ್ತಿನಿಂದ ತಿರುಗಿಸುವುದು ಬೇಡ.

ಸ್ಪಿರಿಟ್, ಡೆಟಾಲ್, ಸ್ಯಾವ್ಲಾನ್, ಹೈಡ್ರೋಜನ್ ಪೆರಾಕ್ಸೈಡ್, ಬೆಟಾಡಿನ್ ಇವು ಯಾವುವೂ ದಿನನಿತ್ಯ ಹಚ್ಚುವಂಥವಲ್ಲ. ಕ್ರಿಮಿಯನ್ನು ಕೊಲ್ಲುವ ಶಕ್ತಿ ಇರುವ ದ್ರಾವಣಕ್ಕೆ ನಿಮ್ಮ ಎಳೆ ಜೀವಕೋಶ ಯಾವುದು, ಕ್ರಿಮಿ ಯಾವುದು ಎಂಬ ಭೇದ ಗೊತ್ತಿರುವುದಿಲ್ಲ. ಚರ್ಮ ಸುಲಿದು ಉರಿದದ್ದು ಅದರಿಂದಲೇ. ಆಂಟಿಬಯೋಟಿಕ್ ಮುಲಾಮನ್ನೂ ವೈದ್ಯರು ಹೇಳದೆ ಹಚ್ಚಬೇಡಿ. ಜಿಡ್ಡು ತೂತಿನ ಬಾಯಿ ಮುಚ್ಚಿ ಒಳಗಿನ ದ್ರವ ಹೊರಬರದಂತೆ ಮಾಡುತ್ತದೆ, ಜೊತೆಗೆ ಅಂಥ ಮುಲಾಮುಗಳಲ್ಲಿ ಸಾಮಾನ್ಯವಾಗಿರುವ ನಿಯೋಮೈಸಿನ್ ಔಷಧಿಗೆ ಕೆಲವರಿಗೆ ಅಲರ್ಜಿಯೂ ಆಗುತ್ತದೆ.

ಅಮ್ಮನ ಅರಿಶಿನದ ಬಗ್ಗೆ ಗೌರವದಿಂದಲೇ ಹೇಳುತ್ತೇನೆ, ಏಕೆಂದರೆ ನನ್ನ ತಾಯಿಯೂ ನನಗೆ ಅದನ್ನೇ ಹಚ್ಚಿದವರು. ಅರಿಶಿನದ ಗುಣ ಏನೇ ಇರಲಿ, ಅಡುಗೆಮನೆಯ ಡಬ್ಬಿಯಲ್ಲಿರುವುದು ಕ್ರಿಮಿಶುದ್ಧ ಮಾಡಿದ ಪುಡಿಯಲ್ಲ. ಒದ್ದೆ ಚಮಚ, ಒಗ್ಗರಣೆಯ ಆವಿ ಎಲ್ಲವೂ ಅದರೊಳಗೆ ಹೋಗಿರುತ್ತವೆ. ಅದರ ಕಣಗಳು ತೂತಿನೊಳಗೆ ಕುಳಿತರೆ ದೇಹ ಅವನ್ನು ಮುಳ್ಳು ಚುಚ್ಚಿಕೊಂಡಂತೆಯೇ ಭಾವಿಸಿ ಸುತ್ತಲೂ ಮಾಂಸ ಬೆಳೆಸುತ್ತದೆ. ಕೊಬ್ಬರಿ ಎಣ್ಣೆಗೆ ಧೂಳು ಅಂಟುತ್ತದೆ. ಅಮ್ಮನಿಗೆ ಬೇಸರವಾಗದಂತೆ, ಗಾಯ ಪೂರ್ತಿ ಮಾಗಿದ ಮೇಲೆ ಹಚ್ಚೋಣ ಎಂದು ಹೇಳಿ.

ಹಾಗಾದರೆ ಏನು ಮಾಡಬೇಕು? ಔಷಧಿ ಅಂಗಡಿಯಲ್ಲಿ ನಾರ್ಮಲ್ ಸಲೈನ್ ಕೇಳಿ. ಶುದ್ಧ ನೀರಿನಲ್ಲಿ 0.9 ಪ್ರತಿಶತ ಉಪ್ಪು, ಅಂದರೆ 100 ಎಂ.ಎಲ್.ಗೆ 0.9 ಗ್ರಾಂ, ನಮ್ಮ ದೇಹದ ದ್ರವಗಳಷ್ಟೇ ಸಾಂದ್ರತೆ ಇರುವುದರಿಂದ ಉರಿಯುವುದಿಲ್ಲ. ದೊಡ್ಡ ಬಾಟಲಿಯನ್ನು ಒಮ್ಮೆ ತೆರೆದರೆ 24 ಗಂಟೆಯ ಮೇಲೆ ಅದನ್ನು ಕ್ರಿಮಿಶುದ್ಧ ಎಂದು ನಂಬುವಂತಿಲ್ಲ, ಆದ್ದರಿಂದ ತುದಿ ಮುರಿದು ಬಳಸುವ 10 ಎಂ.ಎಲ್.ನ ಸಣ್ಣ ಪ್ಲಾಸ್ಟಿಕ್ ಆಂಪ್ಯೂಲ್ ಸಿಕ್ಕರೆ ಒಳ್ಳೆಯದು. ಕೊಳ್ಳುವಾಗ 0.9 ಎಂಬ ಅಂಕಿಯನ್ನು ಕಣ್ಣಾರೆ ನೋಡಿ, ನೋಡಲು ಅದರಂತೆಯೇ ಇರುವ 3 ಪ್ರತಿಶತದ ದ್ರಾವಣವೂ ಅಂಗಡಿಯಲ್ಲಿರುತ್ತದೆ. ಮನೆಯಲ್ಲಿ ಉಪ್ಪು ಕಲಸುವವರು ಸಾಮಾನ್ಯವಾಗಿ ಅಂದಾಜಿಗಿಂತ ಹೆಚ್ಚು ಹಾಕಿ ಚರ್ಮವನ್ನು ಒಣಗಿಸಿಕೊಳ್ಳುತ್ತಾರೆ.

ಸೋಪಿನಿಂದ ಕೈಗಳನ್ನು ಚೆನ್ನಾಗಿ ತೊಳೆಯಿರಿ. ಇಡೀ ಕೆಲಸದಲ್ಲಿ ಇದೇ ದೊಡ್ಡ ಭಾಗ. ಗಾಜ್ ಬಟ್ಟೆಯ ಸಣ್ಣ ತುಂಡನ್ನು ಸಲೈನ್‌ನಲ್ಲಿ ಅದ್ದಿ, ಮೂಗುತಿಯ ಮೇಲೆ ಒತ್ತದೆ ಎರಡು ಮೂರು ನಿಮಿಷ ಸುಮ್ಮನೆ ಇಟ್ಟುಕೊಳ್ಳಿ. ಹಕ್ಕಳೆ ನೆನೆದು ಮೆತ್ತಗಾಗಿ ಬಟ್ಟೆಗೇ ಬರುತ್ತದೆ. ಬಾರದಿದ್ದರೆ ಬಿಟ್ಟುಬಿಡಿ, ಉಗುರಿನಿಂದ ಕೆರೆಯಬೇಡಿ. ಹೊಳ್ಳೆಯ ಒಳಭಾಗಕ್ಕೂ ಗಾಜ್ ಬಟ್ಟೆಯ ಒದ್ದೆ ತುದಿಯನ್ನೇ ಬಳಸಿ. ಹತ್ತಿ ಬೇಡ, ಅದರ ಎಳೆಗಳು ಕಡ್ಡಿಗೆ ಸುತ್ತಿಕೊಂಡು ಒಳಗೆ ಉಳಿಯುತ್ತವೆ. ನಂತರ ಒಣ ಗಾಜ್‌ನಿಂದ ಒತ್ತಿ ಒಣಗಿಸಿ, ಯಾಕೆಂದರೆ ಸದಾ ಒದ್ದೆಯಾಗಿದ್ದರೂ ಗುಳ್ಳೆ ಬೆಳೆಯುತ್ತದೆ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ, ಅಷ್ಟೇ. ಉಳಿದ ಸಮಯ ಅದರ ಪಾಡಿಗೆ ಅದನ್ನು ಬಿಡುವುದೇ ಆರೈಕೆ.

ಈಗ ಎಚ್ಚರಿಕೆಯ ಮಾತು. ನೋವು ದಿನೇ ದಿನೇ ಹೆಚ್ಚುತ್ತಾ ಮಿಡಿಯತೊಡಗಿದರೆ, ಸುತ್ತಲ ಚರ್ಮ ಬಿಸಿಯಾಗಿ ಕೆಂಪು ಹರಡುತ್ತಾ ಹೋದರೆ, ಗಟ್ಟಿಯಾದ ಹಸಿರು ಅಥವಾ ವಾಸನೆಯ ಕೀವು ಬಂದರೆ ಅದು ಸೋಂಕು, ವೈದ್ಯರನ್ನು ಕಾಣಬೇಕು. ಜ್ವರ ಬಂದರೆ ಅಥವಾ ಬಾವು ಕಣ್ಣಿನ ಕಡೆಗೆ ಏರಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಮೂಗಿನ ಸುತ್ತಲ ರಕ್ತನಾಳಗಳಿಗೆ ತಲೆಬುರುಡೆಯ ಒಳಗಿನ ನಾಳಗಳೊಂದಿಗೆ ಸಂಪರ್ಕವಿರುವುದರಿಂದ, ಅಪರೂಪವಾದರೂ ಇಲ್ಲಿನ ಸೋಂಕು ಅಲ್ಲಿಗೆ ತಲುಪಬಲ್ಲದು. ಸಕ್ಕರೆ ಕಾಯಿಲೆ ಇರುವವರು ಮೊದಲ ಲಕ್ಷಣಕ್ಕೇ ಹೋಗಬೇಕು. ಸೋಂಕು ಎಂದು ಅನುಮಾನ ಬಂದ ತಕ್ಷಣ ಮೂಗುತಿಯನ್ನು ಕಿತ್ತುಹಾಕುವುದು ಸಹಜವೆನಿಸಿದರೂ ಹಾಗೆ ಮಾಡಬೇಡಿ. ತೂತಿನ ಬಾಯಿಗಳು ಮುಚ್ಚಿಕೊಂಡು ಕೀವು ಒಳಗೇ ಉಳಿದು ಹುಣ್ಣಾಗಬಹುದು. ತೆಗೆಯಬೇಕೋ ಬೇಡವೋ ಎಂಬುದನ್ನು ವೈದ್ಯರು ನೋಡಿ ಹೇಳಲಿ.

ಗುಳ್ಳೆಯು ಗಟ್ಟಿಯಾಗಿ, ತೂತಿನ ಅಂಚನ್ನು ದಾಟಿ ತಿಂಗಳುಗಟ್ಟಲೆ ಬೆಳೆಯುತ್ತಲೇ ಹೋದರೆ ಅದು ಕೀಲಾಯ್ಡ್ ಇರಬಹುದು, ಅದಕ್ಕೆ ಚರ್ಮವೈದ್ಯರೇ ಬೇಕು. ನಿಮ್ಮ ಮನೆಯಲ್ಲಿ ಯಾರಿಗಾದರೂ ಹಳೆಯ ಗಾಯದ ಕಲೆಗಳು ಹಾಗೆ ಉಬ್ಬಿ ಬೆಳೆದದ್ದು ಉಂಟೇ? ಅದೊಂದನ್ನು ಅಮ್ಮನ ಹತ್ತಿರ ಕೇಳಿ ತಿಳಿಸಿ.

ಉತ್ತರಿಸಿದವರು: ಕುಲುಮೆ

ಸಿಸ್ಟರ್ ಅವರು ಗಾಯದ ವಿಷಯವನ್ನು ಹೇಳಿದ್ದಾರೆ, ನಾನು ಲೋಹದ ವಿಷಯವನ್ನು ಹೇಳುತ್ತೇನೆ. ನಮ್ಮದು ಮೂರು ತಲೆಮಾರಿನ ಚಿನ್ನದ ಕೆಲಸದ ಮನೆ. ನನ್ನ ತಂದೆ ಚಿನ್ನದ ತಂತಿಯ ತುದಿಯನ್ನೇ ಅರದಿಂದ ಚೂಪು ಮಾಡಿ, ಅದರಿಂದಲೇ ಮಕ್ಕಳ ಕಿವಿ ಚುಚ್ಚಿ, ಹಾಗೆಯೇ ಸುತ್ತಿ ಬಿಡುತ್ತಿದ್ದರು.

ಮೊದಲು ಆ ಮೂಗುತಿ ಎಷ್ಟು ಕ್ಯಾರೆಟ್ ಎಂದು ಕೇಳಿ ತಿಳಿದುಕೊಳ್ಳಿ. 22 ಕ್ಯಾರೆಟ್ ಎಂದರೆ 91.6 ಪ್ರತಿಶತ ಚಿನ್ನ, ಉಳಿದದ್ದು ಸಾಮಾನ್ಯವಾಗಿ ತಾಮ್ರ ಮತ್ತು ಬೆಳ್ಳಿ. ಹರಳು ಕೂರಿಸುವ ಒಡವೆಗೆ ಗಟ್ಟಿತನ ಬೇಕೆಂದು 18 ಕ್ಯಾರೆಟ್ ಬಳಸುವುದುಂಟು, ಅದರಲ್ಲಿ ಚಿನ್ನ 75 ಪ್ರತಿಶತ, ಉಳಿದ ಕಾಲು ಭಾಗದಲ್ಲಿ ಏನಿದೆ ಎಂಬುದು ಮಾಡಿದವರಿಗೇ ಗೊತ್ತು. ಕೆಲವು ಬಿಳಿ ಚಿನ್ನದಲ್ಲಿ ನಿಕಲ್ ಇರುತ್ತದೆ. ಚಿನ್ನದ ಲೇಪನದ ಒಡವೆಯಲ್ಲಿ ಲೇಪನದ ಅಡಿಗೆ ನಿಕಲ್ ಇರುವುದು ಬಹಳ ಸಾಮಾನ್ಯ. ಚರ್ಮಕ್ಕೆ ಆಗಿಬರದ ಲೋಹಗಳಲ್ಲಿ ಮೊದಲನೆಯದು ಇದೇ. ಕೈಗಡಿಯಾರದ ಪಟ್ಟಿಗೋ ಜೀನ್ಸ್ ಗುಂಡಿಗೋ ನಿಮಗೆ ತುರಿಕೆ ಬರುತ್ತಿದ್ದರೆ ನಿಕಲ್ ಬಗ್ಗೆ ಎಚ್ಚರ ಬೇಕು. ಹಾಲ್‌ಮಾರ್ಕ್ ನೋಡಿ ಕೊಂಡೆ ಎಂದು ನೆಮ್ಮದಿಯಾಗಿರುವಂತೆಯೂ ಇಲ್ಲ. 2021ರಲ್ಲಿ ಹಾಲ್‌ಮಾರ್ಕ್ ಕಡ್ಡಾಯವಾದಾಗ ಎರಡು ಗ್ರಾಂಗಿಂತ ಕಡಿಮೆ ತೂಕದ ಒಡವೆಗೆ ವಿನಾಯಿತಿ ಕೊಟ್ಟರು, ಸಣ್ಣ ಮೂಗುತಿ ಒಂದು ಗ್ರಾಂ ಕೂಡ ತೂಗುವುದಿಲ್ಲ. ಹೀಗಾಗಿ ಇಲ್ಲಿ ಅಂಗಡಿಯವರ ಮಾತೇ ಆಧಾರ.

ಎರಡನೆಯದು ತಿರುಪು. ಕಳೆದ ತಿಂಗಳು ಒಬ್ಬ ಹುಡುಗಿ ನಿಮ್ಮಂತೆಯೇ ಗುಳ್ಳೆ ಎದ್ದಿದೆ ಎಂದು ಬಂದಿದ್ದಳು. ವೈದ್ಯರೇ ಬಿಚ್ಚಿಕೊಟ್ಟ ಅವಳ ಮೂಗುತಿಯನ್ನು ಭೂತಗನ್ನಡಿಯ ಕೆಳಗೆ ಇಟ್ಟು ನೋಡಿದೆ. ಕಡ್ಡಿಯ ಮೇಲಿನ ಸುರುಳಿ ಗೆರೆಗಳು ಕಾಣಿಸುತ್ತಲೇ ಇರಲಿಲ್ಲ, ಅಷ್ಟು ದಪ್ಪಕ್ಕೆ ಒಣಗಿದ ಸಿಂಬಳ, ಅರಿಶಿನ, ಎಣ್ಣೆಯ ಜಿಡ್ಡು ತುಂಬಿಕೊಂಡು ಇಡೀ ಕಡ್ಡಿ ಕಂದು ಬಣ್ಣದ ಬತ್ತಿಯಂತೆ ಆಗಿತ್ತು. ಆ ಗೆರೆಗಳು ಒಳ್ಳೆಯ ಅರದಂತೆ ಕೆಲಸ ಮಾಡುತ್ತವೆ. ಹಸಿ ಗಾಯದಲ್ಲಿ ಅದನ್ನು ದಿನಾ ತಿರುಗಿಸಿದರೆ ಏನಾಗುತ್ತದೆಂದು ಯೋಚಿಸಿ. ಅದಕ್ಕೇ ಈಗ ನಾನು ಹೊಸ ತೂತಿಗೆ ತಿರುಪಿನ ಮೂಗುತಿ ಹಾಕುವುದನ್ನೇ ನಿಲ್ಲಿಸಿದ್ದೇನೆ. ಮೊದಲ ಆರು ತಿಂಗಳಿಗೆ ದೇಹದೊಳಗೆ ಅಳವಡಿಸುವ ದರ್ಜೆಯ, ಎಎಸ್‌ಟಿಎಂ ಎಫ್136 ಎಂಬ ಗುರುತಿನ ಟೈಟಾನಿಯಂ ಕಡ್ಡಿ, ನಯವಾದ ಮೈ, ಹಿಂದೆ ಚಪ್ಪಟೆ ತಟ್ಟೆ ಇರುವುದು ಉತ್ತಮ. ಸರ್ಜಿಕಲ್ ಸ್ಟೀಲ್ ಎಂದು ಮಾರುವ 316ಎಲ್ ಉಕ್ಕಿನಲ್ಲೂ ನಿಕಲ್ ಇದೆ, ಗಟ್ಟಿಯಾಗಿ ಬೆಸೆದುಕೊಂಡಿರುವುದರಿಂದ ಹೆಚ್ಚಿನವರಿಗೆ ತೊಂದರೆಯಾಗುವುದಿಲ್ಲ, ಅಲರ್ಜಿ ಇರುವವರು ಮಾತ್ರ ದೂರವಿರಲಿ.

ತಿರುಪನ್ನು ಬಹಳ ಬಿಗಿ ಮಾಡಿದ್ದಾರೆಯೇ ಎಂದೂ ನೋಡಿಕೊಳ್ಳಿ. ಕಳೆದುಹೋಗಬಾರದೆಂದು ಬಿಗಿಯುವುದು ನಮ್ಮ ಕಸುಬಿನವರ ಅಭ್ಯಾಸ. ಬಾವು ಬಂದಾಗ ಮಾಂಸಕ್ಕೆ ಜಾಗ ಬೇಕು, ಇಲ್ಲದಿದ್ದರೆ ಹರಳಿನ ತಲೆ ಚರ್ಮದೊಳಕ್ಕೆ ಇಳಿಯುತ್ತದೆ.

ತಿರುಗಿಸುವ ಪದ್ಧತಿ ಎಲ್ಲಿಂದ ಬಂತೆಂದು ನಾನು ಬಹಳ ದಿನ ಯೋಚಿಸಿದ್ದೇನೆ. ಸುಶ್ರುತ ಸಂಹಿತೆಯಲ್ಲಿ ಕಿವಿ ಚುಚ್ಚಿದ ಮೇಲೆ ಎಣ್ಣೆಯಲ್ಲಿ ನೆನೆಸಿದ ಹತ್ತಿಯ ಬತ್ತಿಯನ್ನು ತೂತಿಗೆ ಹಾಕಿ, ಮೂರು ಮೂರು ದಿನಕ್ಕೆ ಇನ್ನಷ್ಟು ದಪ್ಪ ಬತ್ತಿಯನ್ನು ಬದಲಿಸಬೇಕೆಂದು ಹೇಳಿದೆ. ಅಲ್ಲಿನ ಉದ್ದೇಶ ಹಾಲೆಯ ತೂತನ್ನು ಅಗಲ ಮಾಡುವುದು. ನಮ್ಮ ಕಡೆ ಬೇವಿನ ಕಡ್ಡಿ ಹಾಕುತ್ತಿದ್ದುದೂ ತೂತು ಮುಚ್ಚಿಕೊಳ್ಳದಿರಲೆಂದೇ. ಬತ್ತಿ, ಕಡ್ಡಿ ಅಂಟುವ ವಸ್ತುಗಳು, ಅವನ್ನು ಅಲುಗಿಸಲೇಬೇಕಿತ್ತು. ನಯವಾದ ಲೋಹಕ್ಕೂ ಅದೇ ಮಾತು ಮುಂದುವರಿಯಿತೆಂದು ನನ್ನ ಊಹೆ.

ಉತ್ತರಿಸಿದವರು: ಬುಗುಡಿ

ಮೂಗಿನ ಪ್ರಶ್ನೆಯಾದರೂ, ಇದನ್ನು ಓದುವ ಬೇರೆ ಹೆಣ್ಣುಮಕ್ಕಳಿಗಾಗಿ ನನ್ನ ಅನುಭವ ಬರೆಯಬೇಕೆನಿಸಿತು. ಅಜ್ಜಿಯ ಬುಗುಡಿ ಹಾಕಿಕೊಳ್ಳುವ ಆಸೆಯಿಂದ ಎರಡು ವರ್ಷಗಳ ಹಿಂದೆ ಒಂದು ಅಂಗಡಿಯಲ್ಲಿ ಕಿವಿಯ ಮೇಲ್ಭಾಗವನ್ನು ಗನ್‌ನಿಂದ ಚುಚ್ಚಿಸಿಕೊಂಡೆ. ಎಂಟನೆಯ ದಿನ ಇಡೀ ಕಿವಿ ಕೆಂಪಾಗಿ ಉಬ್ಬಿತು, ವಿಚಿತ್ರವೆಂದರೆ ಕೆಳಗಿನ ಹಾಲೆ ಮಾತ್ರ ಎಂದಿನಂತೆಯೇ ಇತ್ತು. ಇಎನ್‌ಟಿ ವೈದ್ಯರು ಅದನ್ನು ನೋಡಿದ ಕೂಡಲೇ ರೋಗ ಗುರುತಿಸಿದರು. ಹಾಲೆಯಲ್ಲಿ ಮೃದ್ವಸ್ಥಿ, ಅಂದರೆ ಬಾಗುವ ಮೆತ್ತನೆಯ ಎಲುಬು, ಇಲ್ಲ, ಅದಕ್ಕೇ ಅದು ಪಾರಾಗಿದೆ, ಸೋಂಕು ಮೃದ್ವಸ್ಥಿಯ ಹೊದಿಕೆಗೆ ತಗುಲಿದೆ ಎಂದರು. ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ, ಹೊದಿಕೆಯಿಂದಲೇ ಪೋಷಣೆ ಪಡೆಯುತ್ತದೆ. ನಡುವೆ ಕೀವು ತುಂಬಿದರೆ ಅದು ಸಾಯುತ್ತದೆ. ಕೀವಿನ ಪರೀಕ್ಷೆಯಲ್ಲಿ ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಸಿಕ್ಕಿತು. ಕೊಯ್ದು ಕೀವು ತೆಗೆದರು, ಐದು ದಿನ ಆಸ್ಪತ್ರೆಯಲ್ಲಿದ್ದೆ. ಕಿವಿಯ ಮೇಲಂಚು ಈಗಲೂ ಸ್ವಲ್ಪ ಮುದುಡಿದೆ, ಕೂದಲು ಎತ್ತಿ ಕಟ್ಟುವುದನ್ನು ಬಿಟ್ಟಿದ್ದೇನೆ.

ಗನ್ ಮೊಂಡಾದ ಕಡ್ಡಿಯನ್ನು ಸ್ಪ್ರಿಂಗ್ ಬಲದಿಂದ ತಳ್ಳುತ್ತದೆ, ಮೃದ್ವಸ್ಥಿ ಒಡೆಯಬಹುದು. ಪ್ಲಾಸ್ಟಿಕ್ ಭಾಗಗಳಿರುವ ಅಂಥ ಗನ್ನನ್ನು ಬಿಸಿ ಹಬೆಯಿಂದ ಕ್ರಿಮಿಶುದ್ಧ ಮಾಡುವ ಆಟೋಕ್ಲೇವ್ ಯಂತ್ರದಲ್ಲಿ ಹಾಕಲೂ ಆಗುವುದಿಲ್ಲ. ಸೂಜಿಯ ಪೊಟ್ಟಣವನ್ನು ನಿಮ್ಮ ಕಣ್ಣೆದುರೇ ಒಡೆಯುವವರ ಬಳಿ ಮಾತ್ರ ಹೋಗಿ. ದೀಪದ ಮೇಲೆ ಸೂಜಿ ಕಾಯಿಸಿದರೆ ಸಾಲದು. ನಾನು ಆಮೇಲೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸ್ ಹಾಕಿಸಿಕೊಂಡೆ, ಅದನ್ನು ಮೊದಲೇ ಮಾಡಬೇಕಿತ್ತು.

ಉತ್ತರಿಸಿದವರು: ತುಂಗಾತೀರ

ನನ್ನದೂ ಒಂದು ಸಣ್ಣ ಪ್ರಶ್ನೆ. ಹೊಕ್ಕುಳಿಗೆ ಚುಚ್ಚಿಸಿಕೊಂಡು ಎರಡು ತಿಂಗಳಾಗಿದೆ, ಮೇಲಂಚು ಸದಾ ಕೆಂಪಾಗಿರುತ್ತದೆ. ಕೆಲಸಕ್ಕೆ ದಿನಾ ಸೀರೆ ಉಡುತ್ತೇನೆ.

ಉತ್ತರಿಸಿದವರು: ವಾರ್ಡ್ ಸಿಸ್ಟರ್

ಸೀರೆಯೇ ಕಾರಣವಿರಬಹುದು. ಲಂಗದ ಲಾಡಿಯೂ ನೆರಿಗೆಯ ಗಂಟೂ ಹೊಕ್ಕುಳಿನ ಮೇಲೆಯೇ ಕುಳಿತು ದಿನವಿಡೀ ಉಜ್ಜುತ್ತವೆ, ಬೆವರೂ ಅಲ್ಲಿಯೇ ನಿಲ್ಲುತ್ತದೆ. ಹೊಕ್ಕುಳು ಮಾಗಲು ಆರು ತಿಂಗಳಿಂದ ಒಂದು ವರ್ಷ ಬೇಕು. ಅಲ್ಲಿಯವರೆಗೆ ಲಾಡಿಯನ್ನು ಎರಡು ಬೆರಳಷ್ಟು ಕೆಳಗೆ ಕಟ್ಟಿ, ಸಾಧ್ಯವಿದ್ದ ದಿನ ಸಡಿಲವಾದ ಚೂಡಿದಾರ ಹಾಕಿ. ಕೆರೆ, ಹೊಳೆ, ಈಜುಕೊಳಗಳಲ್ಲಿ ಮುಳುಗುವುದು ಬೇಡ. ಚರ್ಮ ತೆಳುವಾಗುತ್ತಾ ಒಳಗಿನ ಕಡ್ಡಿ ಹೆಚ್ಚು ಹೆಚ್ಚು ಕಾಣತೊಡಗಿದರೆ ದೇಹ ಅದನ್ನು ಹೊರಕ್ಕೆ ತಳ್ಳುತ್ತಿದೆ ಎಂದರ್ಥ, ತಡಮಾಡದೆ ತೋರಿಸಿ.

ಮತ್ತೆ ಬರೆದವರು: ಮೊಗ್ಗಿನ ಜಡೆ

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ಮನಸಾರೆ ಧನ್ಯವಾದಗಳು. ಮನೆಯಲ್ಲಿ ಯಾರಿಗೂ ಕಲೆ ಉಬ್ಬಿ ಬೆಳೆದದ್ದಿಲ್ಲ ಎಂದು ಅಮ್ಮ ಹೇಳಿದರು. ಚರ್ಮವೈದ್ಯರಿಗೂ ತೋರಿಸಿದೆ, ಗ್ರಾನ್ಯುಲೋಮಾ ಎಂದೇ ಹೇಳಿದರು. ಕುಲುಮೆ ಅವರು ಊಹಿಸಿದಂತೆ ತಿರುಪು ತೀರಾ ಬಿಗಿಯಾಗಿತ್ತು. ವೈದ್ಯರ ಎದುರಿಗೇ ಅದನ್ನು ತೆಗೆದು ಟೈಟಾನಿಯಂ ಕಡ್ಡಿಗೆ ಬದಲಾಯಿಸಿದರು. ಎಣ್ಣೆ, ಸ್ಪಿರಿಟ್, ತಿರುಗಿಸುವುದು ಎಲ್ಲವನ್ನೂ ನಿಲ್ಲಿಸಿ ಬೆಳಿಗ್ಗೆ, ರಾತ್ರಿ ಸಲೈನ್ ಮಾತ್ರ ಇಡುತ್ತಿದ್ದೇನೆ. ಮುಖ ಒರೆಸಲು ಟವೆಲ್ ಬಿಟ್ಟು ಅಮ್ಮನ ಹಳೆಯ ನಯವಾದ ಹತ್ತಿ ಸೀರೆಯ ಒಗೆದ ತುಂಡುಗಳನ್ನು ಬಳಸುತ್ತೇನೆ, ಆ ಉಪಾಯ ಅಮ್ಮನದೇ. ಗುಳ್ಳೆ ಈಗ ಗಸಗಸೆಯಷ್ಟಿದೆ, ಒದ್ದೆಯಾಗುವುದು ನಿಂತಿದೆ. ಅಜ್ಜಿಯ ಬೇಸರಿ ಪೆಟ್ಟಿಗೆಯಲ್ಲಿ ಕಾಯುತ್ತಿದೆ, ಅದನ್ನು ಯಾವಾಗ ಹಾಕಿಕೊಳ್ಳಬಹುದು?

ಉತ್ತರಿಸಿದವರು: ವಾರ್ಡ್ ಸಿಸ್ಟರ್

ಓದಿ ಬಹಳ ಸಂತೋಷವಾಯಿತು ತಂಗಿ. ಚುಚ್ಚಿಸಿದ ದಿನದಿಂದ ಆರು ತಿಂಗಳು ತುಂಬಲಿ, ಅದರ ಕೊನೆಯ ಒಂದು ತಿಂಗಳು ಹಕ್ಕಳೆ, ನೋವು, ಕೆಂಪು ಯಾವುದೂ ಇಲ್ಲದೆ ಕಳೆದಿರಲಿ. ಹಳೆಯ ಬೇಸರಿ ತೂಕವಿರುತ್ತದೆ, ಮೊದಲು ಹಬ್ಬದ ದಿನ ಕೆಲವು ಗಂಟೆ ಮಾತ್ರ ಹಾಕಿ. ಅದನ್ನು ಕುಲುಮೆ ಅವರಂಥವರ ಕೈಯಲ್ಲಿ ಶುಚಿ ಮಾಡಿಸಿ, ಕಡ್ಡಿಯ ಅಂಚಿನಲ್ಲಿ ಒರಟು ಇದ್ದರೆ ತೀಡಿಸಿಕೊಳ್ಳಿ. ಬದಲಾಯಿಸುವಾಗ ಎರಡನೆಯದು ಕೈಯಲ್ಲಿ ಸಿದ್ಧವಿರಲಿ, ಏಕೆಂದರೆ ಮೊದಲ ವರ್ಷದಲ್ಲಿ ಮೂಗಿನ ತೂತು ಕೆಲವೇ ಗಂಟೆಗಳಲ್ಲಿ ಬಿಗಿದುಕೊಳ್ಳಬಹುದು. ಬೇಸರಿ ತೆಗೆದ ಕೂಡಲೇ ಟೈಟಾನಿಯಂ ಕಡ್ಡಿಯನ್ನು ತೊಳೆದು ಮತ್ತೆ ಹಾಕಿಕೊಳ್ಳಿ.